ಇಪ್ಪತ್ತು ಪಾಯಿಂಟ್ ಆರರ ದಾಖಲೆಯನ್ನು ರದ್ದುಪಡಿಸುವ ಬಗ್ಗೆ

ಇಂದ,
ನಿರೀಕ್ಷಕ, ತೂಕ ಮತ್ತು ಅಳತೆ ಇಲಾಖೆ,
(ಬಳಗದಲ್ಲಿ 'ತಕ್ಕಡಿ' ಎಂದು ಕರೆಯಲ್ಪಡುವವನು),
ಬಿಳಿ ಬಣ್ಣದ ಹೊಸ ಸೆಡಾನಿನ ಮಾಲೀಕ,
ಸದ್ಯ ಬಸ್ಸಿನಲ್ಲಿ ಓಡಾಡುತ್ತಿರುವವನು.

ಗೆ,
ಮಾನ್ಯ ಅಧ್ಯಕ್ಷರು (ಹಲ್ಲಿನ ಡಾಕ್ಟರು),
ಮೈಲೇಜ್ ದಾಖಲಾತಿ ಉಪಸಮಿತಿ,
ಭಾನುವಾರದ ಕಾರು ಬಳಗ,
ಮುಚ್ಚಿಹೋದ ಪೀಠೋಪಕರಣ ಮಳಿಗೆಯ ಹಿಂದಿನ ಪಾರ್ಕಿಂಗ್ ಜಾಗ.

ವಿಷಯ: ನನ್ನ ಹೆಸರಿನಲ್ಲಿರುವ ಲೀಟರಿಗೆ ೨೦.೬ ಕಿಲೋಮೀಟರಿನ ದಾಖಲೆಯನ್ನು ರದ್ದುಪಡಿಸಿ, ಅದೇ ದಿನದ ಇನ್ನೊಂದು ಅಂಕಿಯನ್ನು ನಮೂದಿಸುವ ಬಗ್ಗೆ.

ಉಲ್ಲೇಖ: ೧) ಬಳಗದ ನಿಯಮಾವಳಿ, ನಿಯಮ ೪ ಮತ್ತು ೭.
೨) ಬಳಗದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ, ಒಟ್ಟು ೨೧೪ ಸಂದೇಶಗಳು.
೩) ನನ್ನ ಹೆಂಡತಿಯ ಮೌಖಿಕ ಆದೇಶ, ಅಡುಗೆಮನೆಯಿಂದ, ದಿನಕ್ಕೆ ಎರಡು ಬಾರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ರುಜು ಮಾಡಿರುವ ನಾನು, ಯಾರ ಒತ್ತಾಯಕ್ಕೂ ಮಣಿಯದೆ (ಉಲ್ಲೇಖ ೩ನ್ನು ಒತ್ತಾಯವೆಂದು ಪರಿಗಣಿಸತಕ್ಕದ್ದಲ್ಲ), ಪೂರ್ಣ ಎಚ್ಚರದಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

೧. ನಾನು ಹತ್ತೊಂಬತ್ತು ವರ್ಷಗಳಿಂದ ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರ್ ಡಬ್ಬಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸದಲ್ಲಿದ್ದೇನೆ. ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಹತ್ತು ಗ್ರಾಂ ವ್ಯತ್ಯಾಸ ಕಂಡರೆ ಅಲ್ಲೇ ಜಪ್ತಿ ಮಾಡುತ್ತೇನೆ. ಅಂಗಡಿಯವನು ಅತ್ತರೂ ಬಿಡುವುದಿಲ್ಲ, ನಕ್ಕರೂ ಬಿಡುವುದಿಲ್ಲ. ಇಂಥ ನನ್ನದೇ ಕಾರಿನಲ್ಲಿ ಸುಮಾರು ಎಂಬತ್ತು ಕೆ.ಜಿ. ತೂಕ ಕಡಿಮೆಯಾದದ್ದು ನಲವತ್ತೇಳು ಕಿಲೋಮೀಟರ್ ಓಡಿದರೂ ನನ್ನ ಗಮನಕ್ಕೆ ಬರಲಿಲ್ಲ. ಕಡಿಮೆಯಾದ ತೂಕವೆಂದರೆ ನನ್ನ ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆ. ಅರ್ಜಿಯ ಸಾರಾಂಶ ಇಷ್ಟೇ. ಪೂರ್ತಿ ಓದುವ ವ್ಯವಧಾನ ಇಲ್ಲದ ಸದಸ್ಯರು ಇಲ್ಲಿಂದ ನೇರವಾಗಿ ಕೋರಿಕೆಯ ಭಾಗಕ್ಕೆ ಹೋಗಬಹುದು. ಆದರೆ ಹೋಗಬೇಡಿ ಎಂದು ವಿನಂತಿ.

೨. ಹಿನ್ನೆಲೆ. ನನ್ನ ಕಾರಿನ ಕಂಪನಿಯವರು ತಮ್ಮ ಮಧ್ಯಮ ಗಾತ್ರದ ಕುಟುಂಬ ಸೆಡಾನನ್ನು ಈ ವರ್ಷ ಮೂಗಿನಿಂದ ಬಾಲದವರೆಗೆ ಬದಲಾಯಿಸಿ ಬಿಟ್ಟದ್ದೂ, ಎರಡು ಲೀಟರಿನ ಹಳೆಯ ಎಂಜಿನ್ ತೆಗೆದು ಒಂದೂವರೆ ಲೀಟರಿನ ಟರ್ಬೊ ಎಂಜಿನ್ ಕೂರಿಸಿದ್ದೂ, ಅಂದಿನಿಂದ ನಮ್ಮ ಬಳಗ ಎರಡು ಹೋಳಾದದ್ದೂ ತಮಗೆ ತಿಳಿದೇ ಇದೆ. ಒಂದು ಪಕ್ಷದವರು ಸಣ್ಣ ಎಂಜಿನ್ನು, ದೊಡ್ಡ ಶಕ್ತಿ, ಕಡಿಮೆ ಪೆಟ್ರೋಲು ಎಂದರು. ಇನ್ನೊಂದು ಪಕ್ಷದವರು ಟರ್ಬೊ ಎಂದರೆ ಕುದುರೆಗೆ ಮೆಣಸಿನಕಾಯಿ ತಿನ್ನಿಸಿ ಓಡಿಸಿದ ಹಾಗೆ, ನಾಲ್ಕು ವರ್ಷಕ್ಕೆ ಮಕಾಡೆ ಎಂದರು. ಮುಂದಿನ ಜಾಲರಿ ಚೆನ್ನಾಗಿದೆಯೋ, ಮೀನು ಬಾಯಿ ತೆರೆದ ಹಾಗಿದೆಯೋ ಎಂಬುದರಲ್ಲೇ ಮೂರು ಭಾನುವಾರ ಕಳೆದವು. ಸೊನ್ನೆಯಿಂದ ನೂರರ ವೇಗಕ್ಕೆ ಎಂಟೂವರೆ ಸೆಕೆಂಡು ಎಂಬ ಕಂಪನಿಯ ಮಾತನ್ನು ಪರೀಕ್ಷಿಸಲು ಹೋದ 'ಪಂಕ್ಚರ್' ಎಂಬ ಅಡ್ಡಹೆಸರಿನ ಸದಸ್ಯರು ನಲವತ್ತು ಮುಟ್ಟುವಷ್ಟರಲ್ಲಿ ಪಾರ್ಕಿಂಗ್ ಜಾಗದ ಗೋಡೆಯನ್ನೂ ಮುಟ್ಟಿದರು.

ನಾನು ಹೊಸ ಕಾರು ಕೊಂಡವನು. ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಅದೇ ಕಾರಿನ ಹಳೆಯ ಮಾದರಿಯನ್ನು ಬಿಡದೆ ಇಟ್ಟುಕೊಂಡವರು. ಒಂದೇ ಮನೆಯ ಇಬ್ಬರು ಅಳಿಯಂದಿರು ಎರಡು ಪಕ್ಷದಲ್ಲಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಯಾರು ಎತ್ತು, ಯಾರು ಕೋಣ ಎಂಬುದನ್ನು ಉಪಸಮಿತಿಯ ವಿವೇಚನೆಗೆ ಬಿಟ್ಟಿದ್ದೇನೆ.

೩. ಷಡ್ಡಕರ ಹಳೆಯ ಕಾರು ಕುಟುಂಬ ಸಮೇತ ಲೀಟರಿಗೆ ೧೭.೪ ಕೊಟ್ಟು, ಬಳಗದ ಪಟ್ಟಿಯಲ್ಲಿ ಎರಡು ವರ್ಷದಿಂದ ತಲೆಯ ಮೇಲೆ ಕೂತಿತ್ತು. ಅದನ್ನು ಕೆಳಗಿಳಿಸದೆ ನನಗೆ ಊಟ ರುಚಿಸುತ್ತಿರಲಿಲ್ಲ. ನಮ್ಮ ನಿಯಮ ೪ರ ಪ್ರಕಾರ ಸಾಕ್ಷಿಯಾಗಿ ಎದುರು ಪಕ್ಷದವರೇ ಕಾರಿನಲ್ಲಿ ಕೂತು ಬರೆದುಕೊಳ್ಳಬೇಕು. ಆದಕಾರಣ ಷಡ್ಡಕರೇ ಸಾಕ್ಷಿಯಾಗಿ ಬಂದರು. ನಿಯಮ ೭ರ ಪ್ರಕಾರ ಕುಟುಂಬದ ಕಾರಿನ ಮೈಲೇಜನ್ನು ನಾಲ್ಕು ಜನ ಕುಟುಂಬದವರನ್ನು ಕೂರಿಸಿಯೇ ಅಳೆಯಬೇಕು. ಮರಳಿನ ಮೂಟೆ ನಡೆಯುವುದಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಆ ಭಾನುವಾರ ಅವಳಿಗೆ ಡ್ಯೂಟಿ. ಆದ್ದರಿಂದ ನಾನು, ಷಡ್ಡಕರು, ಮಾವ, ಅತ್ತೆ, ಒಟ್ಟು ನಾಲ್ಕು ಎಂದು ಲೆಕ್ಕ ಹಾಕಲಾಯಿತು. ಅತ್ತೆ ಮಾವ ನಮ್ಮ ಮನೆಯಲ್ಲೇ ಇರುವುದರಿಂದ ಬೇರೆ ಕಡೆಯಿಂದ ತೂಕ ತರಿಸುವ ಅಗತ್ಯ ಬೀಳಲಿಲ್ಲ.

೪. ಇಲ್ಲಿ ಒಂದು ಅಂಶವನ್ನು ಮುಚ್ಚಿಡದೆ ಹೇಳಬೇಕು. ಅವರನ್ನು ತೂಕಕ್ಕಾಗಿ ಕರೆದೊಯ್ಯುತ್ತಿದ್ದೇನೆ ಎಂದು ನಾನು ಹೇಳಲಿಲ್ಲ. ಹೊಸ ಕಾರಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎಂದೆ. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದರು. ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿ ಉಟ್ಟರು. ಒಂದು ಚೀಲದಲ್ಲಿ ನೀರಿನ ಬಾಟಲಿ, ಬಿಸ್ಕತ್ತು, ಮಾವನ ಕತ್ತಿಗೆ ಸಣ್ಣ ದಿಂಬು, ತಮ್ಮ ಫೋನು ಎಲ್ಲ ತುಂಬಿಸಿಕೊಂಡರು. ನೀರಿನ ಬಾಟಲಿ ಎರಡು ಬೇಡ, ಒಂದು ಸಾಕು ಎಂದು ನಾನು ಅವರಿಗೆ ಹೇಳಿದೆ. ಒಂದು ಲೀಟರ್ ನೀರು ಒಂದು ಕೆ.ಜಿ.

೫. ಪ್ರಯಾಣ. ಬಳಗದ ಪದ್ಧತಿಯಂತೆ ನಿಗದಿತ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಲಾಯಿತು. ಗಾಳಿಗುಳ್ಳೆ ಉಳಿಯಬಾರದೆಂದು ಷಡ್ಡಕರೂ ನಾನೂ ಎರಡೂ ಪಕ್ಕದಿಂದ ಕಾರನ್ನು ಅಲುಗಾಡಿಸಿದೆವು. ಒಳಗೆ ಕೂತಿದ್ದ ಅತ್ತೆ ಕಿಟಕಿ ಇಳಿಸಿ, ಕೆಟ್ಟಿದೆಯಾ ಎಂದು ಕೇಳಿದರು. ನೂರ ಹದಿನೆಂಟು ಕಿಲೋಮೀಟರಿನ ಸುತ್ತು. ಹೊರಟಲ್ಲಿಗೇ ಬಂದು ಮತ್ತೆ ತುಂಬಿಸಿ, ಹಿಡಿದ ಪೆಟ್ರೋಲಿನಿಂದ ಭಾಗಿಸಬೇಕು.

ಕಾರಿನ ಗುಣವನ್ನು ಸಾಕ್ಷಿಯೇ ಒಪ್ಪಿದ್ದಾರೆ. ಎಂಟು ಗೇರಿನ ಆಟೋಮ್ಯಾಟಿಕ್ಕು ಗೇರು ಬದಲಿಸಿದ್ದೇ ತಿಳಿಯುವುದಿಲ್ಲ, ಎಂಬತ್ತರ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ ಸಾವಿರದ ಆರುನೂರು ಸುತ್ತಿನಲ್ಲಿ ತೂಕಡಿಸುತ್ತಿರುತ್ತದೆ ಎಂದು ಅವರು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಹೊಸ ಮಾದರಿಯ ಇನ್ನೊಂದು ವಿಶೇಷ ಒಳಗನ್ನಡಿ. ಹಳೆಯ ಕಾರಿನ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು, ಸೀಟಿನಲ್ಲಿ ಕೂತವರು ಕಾಣುತ್ತಿದ್ದರು. ಹೊಸದರಲ್ಲಿ ಕ್ಯಾಮೆರಾ ಇದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಮಾತ್ರ ಕಾಣುತ್ತದೆ. ಮಧ್ಯೆ ಅಡ್ಡ ಬರುವ ಸಂಬಂಧಿಕರು ಯಾರೂ ಕಾಣುವುದಿಲ್ಲ. ಇದನ್ನು ಬಳಗದ ಸದಸ್ಯರೆಲ್ಲ ಒಕ್ಕೊರಲಿನಿಂದ ಕಾರಿನ ಮೊದಲ ಮೆಚ್ಚುಗೆಯ ಅಂಶವಾಗಿ ಪಟ್ಟಿ ಮಾಡಿದ್ದನ್ನು ಈ ಸಂದರ್ಭದಲ್ಲಿ ನೆನಪಿಸುತ್ತೇನೆ.

೬. ಐವತ್ತೆಂಟನೆಯ ಕಿಲೋಮೀಟರಿನಲ್ಲಿ ನಡೆದದ್ದು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ರಸ್ತೆ ಪಕ್ಕದಲ್ಲಿ ಒಂದು ಹಳೆಯ ಕಾರ್ಖಾನೆ ಕಂಡಿತು. ಅಲ್ಲಿಯ ಮ್ಯಾನೇಜರಿನ ಕರೆಯನ್ನು ತಾವು ಒಮ್ಮೆ ಅವನ ಮಾವನ ಮನೆಯ ಬದಲು ಪೊಲೀಸ್ ಠಾಣೆಗೆ ಜೋಡಿಸಿದ್ದನ್ನೂ, ಅವನು ಗೊತ್ತಾಗದೆ ಐದು ನಿಮಿಷ ಅಲ್ಲಿ ಕಷ್ಟ ಸುಖ ಮಾತಾಡಿದ್ದನ್ನೂ ಹೇಳತೊಡಗಿದರು. ಅದೇ ಹೊತ್ತಿಗೆ ರಸ್ತೆ ಏರು ಹಿಡಿದಿತ್ತು. ಏರಿನಲ್ಲಿ ಟರ್ಬೊ ಹೇಗೆ ಉಸಿರೆಳೆಯುತ್ತದೆ ಎಂದು ಕೇಳಬೇಕೆಂಬುದು ಷಡ್ಡಕರದೂ ನನ್ನದೂ ಎರಡು ತಿಂಗಳ ಆಸೆ. ನಾನು ಹೇಳಿದ ಮಾತು ಹೀಗಿದೆ:

"ಅತ್ತೆ, ಒಂದ್ ಸ್ವಲ್ಪ ಸುಮ್ನಿರ್ತೀರಾ? ಎಂಜಿನ್ ಸದ್ದು ಕೇಳ್ಬೇಕು."

ಅವರು ಸುಮ್ಮನಾದರು. ಆಮೇಲೆ ಹದಿಮೂರು ಕಿಲೋಮೀಟರ್ ಒಂದು ಮಾತೂ ಆಡಲಿಲ್ಲ. ಮಾವ ಆಗಲೇ ದಿಂಬಿಗೆ ಕತ್ತು ಕೊಟ್ಟು ನಿದ್ದೆ ಹೋಗಿದ್ದರು. ಎಂಜಿನ್ ಸದ್ದು ಬಹಳ ಚೆನ್ನಾಗಿ ಕೇಳಿಸಿತು.

೭. ಎಪ್ಪತ್ತೊಂದನೆಯ ಕಿಲೋಮೀಟರಿನಲ್ಲಿ, ನಿಯಮದಂತೆ ಐದು ನಿಮಿಷದ ಒಂದೇ ಒಂದು ನಿಲುಗಡೆ. ರಸ್ತೆ ಬದಿಯ ಬಂಕಿನಲ್ಲಿ ನಿಲ್ಲಿಸಿದೆವು. ಪರದೆಯ ಮೇಲೆ ಸರಾಸರಿ ೧೯.೮ ಇತ್ತು. ಅತ್ತೆ ಇಳಿದು ಶೌಚಾಲಯದ ಕಡೆ ಹೋದರು. ಚೀಲ ಸೀಟಿನಲ್ಲೇ ಇತ್ತು. ಅಲ್ಲಿ ಸರತಿ ಇತ್ತಂತೆ. ನಾವಿಬ್ಬರೂ ನಾಲ್ಕು ಚಕ್ರಗಳ ಗಾಳಿ ನೋಡಿದೆವು. ಹಿಂದಿನ ಬಾಗಿಲು ಅರೆ ತೆರೆದಿದ್ದದ್ದನ್ನು ಷಡ್ಡಕರು ಕಂಡು ಮುಚ್ಚಿದರು. ಮುಚ್ಚಿದವರು ಮತ್ತೆ ತೆರೆದು ಮತ್ತೆ ಮುಚ್ಚಿದರು. ಹಳೆಯದು 'ಠಪ್' ಅನ್ನುತ್ತಿತ್ತು, ಹೊಸದು 'ಧಪ್' ಅನ್ನುತ್ತದೆ ಎಂದು ಒಪ್ಪಿಕೊಂಡರು. ಎದುರು ಪಕ್ಷದ ಬಾಯಿಂದ ಈ ಮಾತು ಬಂದ ಸಂತೋಷದಲ್ಲಿ ನಾನು ಬೇರೇನನ್ನೂ ನೋಡಲಿಲ್ಲ. ಆ ಬಾಗಿಲ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಬ್ಬರೂ ಬಗ್ಗಿ ನೋಡಲಿಲ್ಲ. ಐದು ನಿಮಿಷ ಮುಗಿಯಿತೆಂದು ಹೊರಟುಬಿಟ್ಟೆವು.

೮. ಮಾನ್ಯರೇ, ಕಾರು ನಮಗೆ ಹೇಳಿತು. ಇದನ್ನು ಕಾರಿನ ಪರವಾಗಿ ದಾಖಲಿಸುವುದು ನನ್ನ ಕರ್ತವ್ಯ. ಹೊರಟ ಕೂಡಲೇ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಲ್ಲ ಎಂದು ಪರದೆಯಲ್ಲಿ ಕೆಂಪು ಬಂತು, ಸೀಟಿನ ಮೇಲೆ ಚೀಲದ ಭಾರ ಇದ್ದುದರಿಂದ ಕೀ ಕೀ ಎಂದು ಕೂಗಿತು. ನಾನು ತಿರುಗದೆಯೇ, ಅತ್ತೆ, ಬೆಲ್ಟ್ ಹಾಕ್ಕೊಳ್ಳಿ ಎಂದೆ. ಉತ್ತರ ಬರಲಿಲ್ಲ. ನಾನೇ ಸುಮ್ಮನಿರಿ ಎಂದು ಹೇಳಿದ್ದೆನಲ್ಲ, ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಒಂದು ನಿಮಿಷದ ನಂತರ ಕೂಗು ತಾನಾಗಿ ನಿಂತಿತು; ಅದು ಒಂದು ನಿಮಿಷ ಮಾತ್ರ ಕೂಗುವ ಯಂತ್ರ. ಹಾಕಿಕೊಂಡರು ಎಂದು ನಾವು ತೀರ್ಮಾನಿಸಿದೆವು. ಷಡ್ಡಕರು ನೋಟುಪುಸ್ತಕದ ಅವಗುಣಗಳ ಪಟ್ಟಿಯಲ್ಲಿ 'ಬೆಲ್ಟಿನ ಕೂಗು ಅನಗತ್ಯವಾಗಿ ದೀರ್ಘ' ಎಂದು ಬರೆದರು.

ಆಮೇಲೆ ಸರಾಸರಿ ಏರತೊಡಗಿತು. ೧೯.೯. ೨೦.೧. ೨೦.೩. ಹಿಂದಿನಿಂದ ಎ.ಸಿ. ಜೋರು ಮಾಡಿ ಎನ್ನುವವರು ಯಾರೂ ಇಲ್ಲದ್ದರಿಂದ ನಾನು ಎ.ಸಿ.ಯನ್ನೂ ಆರಿಸಿದೆ. ನಲವತ್ತೇಳು ಕಿಲೋಮೀಟರ್ ಉದ್ದಕ್ಕೂ ನಾವು ಆ ಎಂಜಿನನ್ನು ಹೊಗಳಿದ್ದೇ ಹೊಗಳಿದ್ದು. ಬಿಸಿಯಾದ ಮೇಲೆ ಇಂಥ ಎಂಜಿನ್ನುಗಳು ಹೀಗೆ ಅರಳುತ್ತವೆ ಎಂದು ನಾನು ಒಂದು ಸಿದ್ಧಾಂತವನ್ನೇ ಮಂಡಿಸಿದೆ. ಷಡ್ಡಕರು ತಮ್ಮ ೧೭.೪ ಕಣ್ಣೆದುರೇ ಮುಳುಗುತ್ತಿದ್ದರೂ ಅದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಮೇಲೆ ಮೊದಲನೆಯ ಅಂಶದಲ್ಲಿ ನಾನು ನನ್ನ ವೃತ್ತಿಯ ಬಗ್ಗೆ ಏನು ಹೇಳಿಕೊಂಡಿದ್ದೇನೋ ಅದನ್ನು ಉಪಸಮಿತಿ ಇಲ್ಲಿ ಇನ್ನೊಮ್ಮೆ ಓದಿ ನಗಬಹುದು.

೯. ಹೊರಟ ಬಂಕಿಗೆ ಬಂದೆವು. ತುಂಬಿಸಿದೆವು, ಅಲುಗಾಡಿಸಿದೆವು. ಹಿಡಿದದ್ದು ೫.೭೩ ಲೀಟರ್. ಭಾಗಿಸಿದರೆ ೨೦.೬. 'ನಾಲ್ಕು ಜನ, ೨೦.೬, ಸಾಕ್ಷಿ ಸಮೇತ' ಎಂದು ನಾನು ಅಲ್ಲಿಂದಲೇ ಗುಂಪಿನಲ್ಲಿ ಹಾಕಿದೆ. ತಾವು ಕೂಡ ಹೆಬ್ಬೆರಳು ಎತ್ತಿದ್ದೀರಿ. ನಿಯಮದಂತೆ ನಾಲ್ವರೂ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಿತ್ತು. ಬಂಕಿನವರು ಫೋನು ಹಿಡಿದು, ಮೂರೇ ಜನ ಇದ್ದೀರಲ್ಲ ಎಂದರು. ಆಗ ತಾನೇ ಕಣ್ಣುಜ್ಜುತ್ತ ಇಳಿದಿದ್ದ ಮಾವ ಸುತ್ತ ನೋಡಿದರು.

"ಅವಳೆಲ್ಲಿ?"

ನಾವು ಹಿಂದಿನ ಬಾಗಿಲು ತೆರೆದೆವು. ಸೀಟಿನಲ್ಲಿ ಚೀಲ ಇತ್ತು. ಚೀಲದೊಳಗೆ ಅವರ ಫೋನು ಇತ್ತು. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನನ್ನ ಮೇಲೆ ಲಂಚದ ಸುಳ್ಳು ದೂರು ಬಂದಾಗಲೂ ನಾನು ಅಷ್ಟು ಹೆದರಿರಲಿಲ್ಲ.

೧೦. ಈಗ ಹೇಳುವುದನ್ನು ಬರೆಯದೆ ಬಿಟ್ಟಿದ್ದರೆ ಅರ್ಜಿ ಚೊಕ್ಕವಾಗಿರುತ್ತಿತ್ತು. ಆದರೆ ಸುಳ್ಳು ತೂಕಕ್ಕೆ ದಂಡ ಹಾಕುವವನು ಸುಳ್ಳು ಅರ್ಜಿ ಬರೆಯಬಾರದು. ಅತ್ತೆಯನ್ನು ಕರೆತರಲು ಮೂವರೂ ಕಾರು ಹತ್ತಿದೆವು. ಸ್ಟಾರ್ಟ್ ಮಾಡಿದೆ. ಗೇರಿಗೆ ಹಾಕುವ ಮೊದಲು ನನ್ನ ಬೆರಳು ಸ್ಟಿಯರಿಂಗಿನ ಬಲಗಡೆಯ ಗುಂಡಿಗೆ ಹೋಗಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿತು. ನಾನು ಮಾಡಿದೆ ಎನ್ನಲಾರೆ, ಬೆರಳು ಮಾಡಿತು. ಹೊರಡುವ ಮುಂಚೆ ಸೊನ್ನೆ ಮಾಡುವುದು ನಮಗೆಲ್ಲ ಉಸಿರಾಟದ ಹಾಗೆ ಎಂಬುದನ್ನು ಬಳಗದ ಸದಸ್ಯರಲ್ಲದೆ ಇನ್ಯಾರು ನಂಬುತ್ತಾರೆ? ಹಿಂದೆ ನಡುಸೀಟಿನಲ್ಲಿ ಕೂತಿದ್ದ ಮಾವ ನಂಬಲಿಲ್ಲ. ಅವರು ಅದನ್ನು ನೋಡಿದರು.

೧೧. ಆ ಬಂಕಿಗೆ ಮರಳಿ ಹೋದಾಗ ಅತ್ತೆ ಶೌಚಾಲಯ ನೋಡಿಕೊಳ್ಳುವ ಹೆಂಗಸಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಪೊಲೀಸ್ ಠಾಣೆಗೆ ಹೋದ ಕರೆಯ ಕಥೆ ಅಲ್ಲಿ ಪೂರ್ತಿಯಾಗಿತ್ತು. ಆ ಹೆಂಗಸು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅತ್ತೆಗೆ ಹಳೆಯ ಎಕ್ಸ್‌ಚೇಂಜಿನ ಮುನ್ನೂರು ನಂಬರುಗಳು ಇನ್ನೂ ಬಾಯಲ್ಲಿವೆ. ಅದರಲ್ಲಿ ಅಳಿಯನ ಮೊಬೈಲ್ ನಂಬರ್ ಇಲ್ಲ. ಆದಕಾರಣ ಯಾರಿಗೂ ಫೋನು ಮಾಡಲಾಗದೆ ಕೂತಿದ್ದರು.

ಅವರು ಬೈಯಲಿಲ್ಲ. ಬೈದಿದ್ದರೆ ಈ ಅರ್ಜಿಯೇ ಬೇಕಿರಲಿಲ್ಲ. ಬಂದ್ರಾ, ಬಸ್ಸಿಗೆ ಚಿಲ್ಲರೆ ಕೇಳೋಣ ಅಂತಿದ್ದೆ ಎಂದರು. ಕಾರು ಹತ್ತಿದ ಮೇಲೆ, ನಾನಿಲ್ಲ ಅಂತ ಯಾವಾಗ ಗೊತ್ತಾಯ್ತು ಎಂದು ಕೇಳಿದರು. ಷಡ್ಡಕರು ಕೆಮ್ಮಿದರು. ಫೋಟೋ ತೆಗೆಯುವಾಗ ಎಂದು ನಾನೇ ಹೇಳಿದೆ. ಮೈಲೇಜ್ ಏರಿದ್ದನ್ನೂ, ಬೆಲ್ಟ್ ಕೂಗಿದ್ದನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಗಾದ್ರೆ ನಾನಿಲ್ಲ ಅಂತ ಕಾರಿಗೊಂದಕ್ಕೆ ಗೊತ್ತಾಯ್ತು ಅನ್ನಿ."

ಎಲ್ಲರೂ ನಕ್ಕೆವು. ಗಂಡಾಂತರ ಕಳೆಯಿತು ಎಂದುಕೊಂಡೆ. ಅಷ್ಟರಲ್ಲಿ, ವರ್ಷಕ್ಕೆ ಎರಡು ಸಲ ಬಾಯಿ ಬಿಡುವ ನನ್ನ ಮಾವ ಎರಡನೆಯ ಸಲದ್ದನ್ನು ಅಲ್ಲೇ ಬಿಟ್ಟರು. ನಿನ್ನ ಕರ್ಕೊಂಡು ಬರೋಕೆ ಹೊರಡೋ ಮುಂಚೆ ಅದನ್ನ ಸೊನ್ನೆ ಮಾಡಿದ, ನಾನು ನೋಡಿದೆ ಎಂದರು. ಅತ್ತೆಗೆ ಅರ್ಥವಾಗಲಿಲ್ಲ. ಯಾವುದನ್ನು ಎಂದು ಕೇಳಿದರು. ಮೈಲೇಜು ಲೆಕ್ಕ ಹಾಕೋ ಮೀಟ್ರು ಎಂದು ಮಾವ ಬಿಡಿಸಿ ಹೇಳಿದರು.

ಅತ್ತೆಯ ನಗು ನಿಂತಿತು. ಬಹಳ ಮೆಲ್ಲಗೆ ಕೇಳಿದರು.

"ಅಳಿಯಂದ್ರೆ, ನನ್ನ ಕರ್ಕೊಂಡು ಬರೋದಕ್ಕೂ ಲೆಕ್ಕ ಇಟ್ರಾ?"

ಆಮೇಲೆ ಮುಂದಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಎಂದರು. ನಿಲ್ಲಿಸಿದೆ. ಚೀಲ ತೆಗೆದುಕೊಂಡು ಇಳಿದು, ಬಸ್ಸು ಹತ್ತಿ ದೊಡ್ಡ ಮಗಳ ಮನೆಗೆ, ಅಂದರೆ ಇದೇ ಷಡ್ಡಕರ ಮನೆಗೆ ಹೋದರು. ಷಡ್ಡಕರು ಅದೇ ಸಂಜೆ, ತಾನು ಬರೀ ಬರೆದುಕೊಂಡವನು, ಓಡಿಸಿದವನೇ ಹೊಣೆ ಎಂದು ಹೇಳಿ ಕ್ಷಮೆ ಗಿಟ್ಟಿಸಿಕೊಂಡರು. ಮಾವ ಮಾತ್ರ ನಮ್ಮಲ್ಲೇ ಉಳಿದಿದ್ದಾರೆ. ನನ್ನನ್ನು ಕಂಡಾಗಲೆಲ್ಲ ನಿದ್ದೆ ಹೋಗುತ್ತಾರೆ.

೧೨. ಇದಾಗಿ ಇಂದಿಗೆ ಇಪ್ಪತ್ತಾರು ದಿನ. ಈ ಅವಧಿಯಲ್ಲಿ ಬಳಗ ನನಗೆ ಮಾಡಿದ ಉಪಕಾರವನ್ನು ಉಲ್ಲೇಖ ೨ರಲ್ಲಿ ನೋಡಬಹುದು. ನಡೆದದ್ದನ್ನು ನಾನು ಗುಂಪಿನಲ್ಲಿ ತಿಳಿಸಿದೆ, ಯಾರಾದರೂ ಒಂದು ಸಮಾಧಾನದ ಮಾತು ಹೇಳಿಯಾರು ಎಂದು. ೨೧೪ ಸಂದೇಶಗಳಲ್ಲಿ ೨೧೧ ಸಂದೇಶಗಳು, ಹಿಂದಿನ ಸೀಟಿನಿಂದ ಎಂಬತ್ತು ಕೆ.ಜಿ. ಇಳಿದರೆ ಮೈಲೇಜು ಪಾಯಿಂಟ್ ಎಂಟು ಏರಲು ಸಾಧ್ಯವೇ ಎಂಬ ಬಗ್ಗೆ. ಹಳೆ ಎಂಜಿನ್ ಪಕ್ಷದವರು ಏರಿಕೆ ಪೂರ್ತಿ ಅತ್ತೆಯದು, ಎಂಜಿನ್ನಿನದು ಏನೂ ಇಲ್ಲ ಎಂದರು. ಟರ್ಬೊ ಪಕ್ಷದವರು ಅತ್ತೆಯ ಪಾಲು ಪಾಯಿಂಟ್ ಎರಡು, ಎ.ಸಿ.ಯ ಪಾಲು ಪಾಯಿಂಟ್ ನಾಲ್ಕು, ಇಳಿಜಾರಿನದು ಉಳಿದದ್ದು ಎಂದು ಭಾಗ ಮಾಡಿಕೊಟ್ಟರು. 'ಪಂಕ್ಚರ್' ಅವರು ಇನ್ನೂ ಮುಂದೆ ಹೋಗಿ, ಒಂದು ಸುತ್ತು ಅತ್ತೆಯನ್ನು ಕೂರಿಸಿಕೊಂಡು, ಒಂದು ಸುತ್ತು ಅದೇ ಬಂಕಿನಲ್ಲಿ ಇಳಿಸಿ, ವೈಜ್ಞಾನಿಕವಾಗಿ ಮರುಪರೀಕ್ಷೆ ಮಾಡೋಣ ಎಂದರು. ಮಾನ್ಯ ಅಧ್ಯಕ್ಷರಾದ ತಾವು ಅವರ ನಿಖರ ತೂಕ ಎಷ್ಟು ಎಂದು ಕೇಳಿದಿರಿ.

ನಾನು ಉತ್ತರಿಸಿದೆ. ಮಾಡಿದ್ದುಣ್ಣೋ ಮಹರಾಯ. 'ವೃತ್ತಿಯ ಕಣ್ಣಂದಾಜಿನಲ್ಲಿ ೮೪' ಎಂದು ಬರೆದೆ. ಅದನ್ನು ನನ್ನ ಹೆಂಡತಿ ಓದಿದಳು, ತಾಯಿಗೆ ಫೋನಿನಲ್ಲಿ ಹೇಳಿದಳು. ಅಲ್ಲಿಂದ ಬಂದ ಉತ್ತರವನ್ನು ನನಗೆ ಯಥಾವತ್ತಾಗಿ ತಲುಪಿಸಿದಳು: ಎಪ್ಪತ್ತೊಂಬತ್ತು, ಅಳತೆ ಇಲಾಖೆಯವರಿಗೆ ತಿದ್ದಿಕೊಳ್ಳೋಕೆ ಹೇಳು. ಇಪ್ಪತ್ತಾರು ದಿನದಲ್ಲಿ ಅತ್ತೆ ನನ್ನ ಬಗ್ಗೆ ಆಡಿದ ಮಾತು ಅದೊಂದೇ. ನಾನು ಅದನ್ನು ಮೂರು ಸಲ ಹೇಳಿಸಿಕೊಂಡೆ.

೧೩. ಸ್ವಂತ ವಿಷಯವಾದರೂ ಹೇಳುತ್ತೇನೆ. ಪ್ರತಿ ಸಂಜೆ ನಾನು ಮನೆಗೆ ಬಂದಾಗ, ಇವತ್ತು ಎಷ್ಟು ತಕ್ಕಡಿ ಹಿಡಿದ್ರಿ ಎಂದು ಅತ್ತೆ ಕೇಳುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಮೇಲಧಿಕಾರಿಯೂ ಸೇರಿದಂತೆ ಇನ್ಯಾರೂ ಆಸಕ್ತಿಯಿಂದ ಕೇಳಿಲ್ಲ. ಯಾವ ಅಂಗಡಿಯವನು ಬಟ್ಟಿನ ತಳ ಕೊರೆದಿದ್ದ, ಯಾವನು ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದ್ದ ಎಂದು ನಾನು ಹೇಳುತ್ತಿದ್ದರೆ ಅವರು ಕೈಕೆಲಸ ಬಿಟ್ಟು ಕೇಳುತ್ತಿದ್ದರು. ಅಂಥವರನ್ನು ನಾನು ಐವತ್ತೆಂಟನೆಯ ಕಿಲೋಮೀಟರಿನಲ್ಲಿ ಸುಮ್ಮನಿರಿ ಎಂದೆ. ಈಗ ಸಂಜೆ ಮನೆಗೆ ಬಂದರೆ ನನ್ನ ದಿನದ ಸುದ್ದಿ ನನ್ನಲ್ಲೇ ಉಳಿಯುತ್ತದೆ. ನನಗೆ ನನ್ನ ಅತ್ತೆ ಬೇಕು. ಇದನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ತಿಳಿಯದ್ದರಿಂದ ಹೀಗೆಯೇ ಬರೆದಿದ್ದೇನೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಹೆಂಡತಿಯ ಅಭಿಪ್ರಾಯ. ನಿಮ್ಮದು ಪಾಯಿಂಟ್ ಎಂಟಕ್ಕೆ ಹೋಯಿತು ಎನ್ನುತ್ತಾಳೆ. ಅಮ್ಮ ಇಲ್ಲದ ಕಾರಿಗೆ 'ನಾಲ್ಕು ಜನ' ಎಂದು ಬರೆದಿರುವ ಆ ಪಟ್ಟಿಯನ್ನು ಅಳಿಸಿದ ಮೇಲೆ ನನ್ನ ಹತ್ತಿರ ಮಾತಾಡಿ ಎಂಬುದೇ ಉಲ್ಲೇಖ ೩.

೧೪. ಕಳೆದ ಗುರುವಾರ ಷಡ್ಡಕರು ನನಗೊಂದು ಫೋಟೋ ಕಳಿಸಿದರು. ಜೊತೆಗೆ, ಇದನ್ನು ದಯವಿಟ್ಟು ಬಳಗದಲ್ಲಿ ಹಾಕಬೇಡ, ಮಾನ ಹೋಗುತ್ತದೆ ಎಂದು ಬರೆದಿದ್ದರು. ಅತ್ತೆಯನ್ನು ಬಿಟ್ಟು ಬಂದಿದ್ದ ಆ ಬಂಕಿಗೆ ಮರಳಿ ಮುಟ್ಟಿದ ಕ್ಷಣದಲ್ಲಿ, ಬರೆದುಕೊಳ್ಳುವ ಚಾಳಿಯಿಂದ ಅವರು ಪರದೆಯ ಚಿತ್ರ ತೆಗೆದಿದ್ದರಂತೆ. ನಾನು ಆ ಪರದೆಯನ್ನು ನೋಡಿರಲಿಲ್ಲ. ಸೊನ್ನೆ ಮಾಡಿದವನು ನಾನೇ, ಆದರೆ ನೋಡುವುದು ಮರೆತೇಹೋಗಿತ್ತು. ಎಂಜಿನ್ ಆರಿಸದೆ, ಬಾಗಿಲು ಮುಚ್ಚದೆ, ಹ್ಯಾಂಡ್‌ಬ್ರೇಕ್ ಹಾಕದೆ ಇಳಿದು ಓಡಿದ್ದೆನಂತೆ; ಕಾರು ಮುಂದಕ್ಕೆ ಜರುಗುತ್ತಿತ್ತಂತೆ; ಷಡ್ಡಕರೇ ಬ್ರೇಕ್ ಎಳೆದರಂತೆ. ಹೊಸ ಕಾರನ್ನು ಹಾಗೆ ಬಿಟ್ಟು ಓಡುವ ಸದಸ್ಯರು ನಮ್ಮ ಬಳಗದಲ್ಲಿ ಯಾರಿದ್ದಾರೆ?

ಚಿತ್ರದಲ್ಲಿ ಇರುವುದು ಇಷ್ಟು. ದೂರ ೪೭.೨ ಕಿಲೋಮೀಟರ್. ಸಮಯ ಮೂವತ್ತನಾಲ್ಕು ನಿಮಿಷ. ಚಾಲನೆಯ ವಿಧ: ಸ್ಪೋರ್ಟ್, ಅಂದರೆ ಅತಿ ವೇಗದ್ದು. ಎ.ಸಿ. ಪೂರ್ತಿ, ಏಕೆಂದರೆ ನಾನು ಬೆವರುತ್ತಿದ್ದೆ. ಕಿಟಕಿಯೂ ತೆರೆದಿತ್ತು, ಏಕೆಂದರೆ ರಸ್ತೆಯುದ್ದಕ್ಕೂ ಅವರು ಎಲ್ಲಾದರೂ ನಡೆದು ಬರುತ್ತಿದ್ದಾರೋ ಎಂದು ಮಾವ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಮೈಲೇಜು: ಲೀಟರಿಗೆ ೯.೪.

ಒಂಬತ್ತು ಪಾಯಿಂಟ್ ನಾಲ್ಕು. ಬಳಗದ ಚರಿತ್ರೆಯಲ್ಲಿ ಇದುವರೆಗಿನ ಅತಿ ಕೆಟ್ಟ ಅಂಕಿ 'ಪಂಕ್ಚರ್' ಅವರ ೧೦.೧. ಅದನ್ನೂ ಅವರು ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಹನ್ನೊಂದು ಕಿಲೋಮೀಟರ್ ಓಡಿಸಿ ಸಂಪಾದಿಸಿದ್ದು.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಕೋರಿಕೆ ಈ ಕೆಳಗಿನಂತಿದೆ:

(ಅ) ನನ್ನ ೨೦.೬ರ ದಾಖಲೆಯನ್ನು ಅಳಿಸಿ, ಷಡ್ಡಕರ ೧೭.೪ನ್ನು ಮತ್ತೆ ಮೊದಲ ಸ್ಥಾನದಲ್ಲಿ ಕೂರಿಸುವುದು. ಟರ್ಬೊ ಪಕ್ಷದವರು ನನ್ನನ್ನು ಉಚ್ಚಾಟಿಸಿದರೂ ಅಭ್ಯಂತರವಿಲ್ಲ.

(ಆ) ಅತ್ತೆಯವರ ತೂಕಕ್ಕೆ ಸಂಬಂಧಿಸಿದ ಚರ್ಚೆಯನ್ನು ಗುಂಪಿನಿಂದ ತೆಗೆದುಹಾಕುವುದು. ತೆಗೆಯಲು ಆಗದಿದ್ದರೆ ೭೯ ಎಂದಾದರೂ ತಿದ್ದುವುದು.

(ಇ) ೯.೪ನ್ನು ನನ್ನ ಹೆಸರಿನಲ್ಲಿ ದಾಖಲೆ ಪುಸ್ತಕದಲ್ಲಿ ನಮೂದಿಸಿ, 'ಪ್ರಯಾಣದ ಉದ್ದೇಶ' ಎಂಬ ಕಲಮಿನಲ್ಲಿ 'ಅತ್ತೆಯನ್ನು ಕರೆತರಲು' ಎಂದು ಬರೆದು, ಅದರ ದೃಢೀಕೃತ ಪ್ರತಿಯನ್ನು ನನಗೆ ನೀಡುವುದು.

ತಾವು ಇಷ್ಟು ನಡೆಸಿಕೊಟ್ಟಲ್ಲಿ, ಮುಂದಿನ ಭಾನುವಾರ ಆ ಪ್ರತಿಯನ್ನು ಹಿಡಿದು ಬಸ್ಸಿನಲ್ಲಿ ಷಡ್ಡಕರ ಮನೆಗೆ ಹೋಗುವವನಿದ್ದೇನೆ.

ತಮ್ಮ ವಿಶ್ವಾಸಿ,
(ತೂಕ ತಪ್ಪಿದ) ತಕ್ಕಡಿ

ಲಗತ್ತುಗಳು:
೧. ಪರದೆಯ ಫೋಟೋ, ಒಂದು. ಅಂಚಿನಲ್ಲಿ ತೆರೆದ ಬಾಗಿಲೂ, ಓಡುತ್ತಿರುವ ನನ್ನ ಒಂದು ಕಾಲೂ ಕಾಣುತ್ತವೆ.
೨. ಷಡ್ಡಕರ ನೋಟುಪುಸ್ತಕದ ಪುಟದ ನಕಲು, 'ಬೆಲ್ಟಿನ ಕೂಗು ಅನಗತ್ಯವಾಗಿ ದೀರ್ಘ' ಎಂಬ ಸಾಲನ್ನು ಅವರೇ ಹೊಡೆದುಹಾಕಿ ರುಜು ಮಾಡಿದ್ದು.
೩. ಮಾವನವರ ಲಿಖಿತ ಹೇಳಿಕೆ, ಒಂದು ಸಾಲು. ಅದು ನನ್ನ ವಿರುದ್ಧವಾಗಿಯೇ ಇದೆ, ಆದರೂ ಲಗತ್ತಿಸಿದ್ದೇನೆ.

ವಿಶೇಷ ಸೂಚನೆ: ಅತ್ತೆಯವರಿಗೆ ಮೈಲೇಜಿನ ವಿಷಯ ತಿಳಿಯದು. ಒಂಬತ್ತು ಪಾಯಿಂಟ್ ನಾಲ್ಕು ಎಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನೇ ಕೇಳುತ್ತಾರೆ, ಕೇಳಿದರೆ ನನ್ನ ಮಾತನ್ನು ಅವರು ಈಗ ನಂಬುವುದಿಲ್ಲ. ಆದ್ದರಿಂದ, ಇಷ್ಟು ಕೆಟ್ಟ ಮೈಲೇಜು ಈ ಬಳಗದಲ್ಲಿ ಯಾರಿಗೂ, ಯಾವತ್ತೂ ಬಂದಿಲ್ಲವೆಂದು ಅಧ್ಯಕ್ಷರೇ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದು, ಸೀಲು ಹಾಕಿಕೊಡಬೇಕಾಗಿ ಕೋರಿಕೆ.